ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಬ್ರಿಸ್ಟಲ್ ಮತ್ತು ಸುತ್ತಲಿನ ಜಾಗಗಳನ್ನು ನೋಡಲು ಎಲ್ಲಿಂದ, ಎಷ್ಟು ಎತ್ತರದಲ್ಲಿ ಹಾರಬೇಕು? ಕಟ್ಟಡಗಳು ಕರಗಿದಂತೆ ಕಾಣುವುದೇಕೆ?

ನಿಮ್ಮದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಅಂದುಕೊಂಡು ಹೇಳುತ್ತೇನೆ. ಕರಗಿದ ಕಟ್ಟಡಗಳಿಗೆ ಜನ ಮೊದಲು ಗ್ರಾಫಿಕ್ಸ್ ಕಾರ್ಡನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಅದರದ್ದಲ್ಲ. ಫೋಟೋಗ್ರಾಮೆಟ್ರಿ ಎಂದರೆ ಆಕಾಶದಿಂದ ತೆಗೆದ ಫೋಟೋಗಳಿಂದ ಕಟ್ಟಿದ ಮಾದರಿ. 500 ಅಡಿಗೆ ಇಳಿದರೆ ಅದು ಚೆನ್ನಾಗಿ ಕಾಣುವುದೇ ಇಲ್ಲ. ಜೊತೆಗೆ ಅದು ಹಾರುತ್ತಿರುವಾಗಲೇ ಇಂಟರ್‌ನೆಟ್‌ನಿಂದ ಬರಬೇಕು. ಜೆಟ್‌ನಲ್ಲಿ ಹೋದರೆ ಒರಟು ಮಾದರಿ ಬಂದು ಕೂರುವಷ್ಟರಲ್ಲಿ ನೀವು ಊರು ದಾಟಿರುತ್ತೀರಿ. 1,500 ಅಡಿ ಎತ್ತರ, 90 ನಾಟ್ (ಗಂಟೆಗೆ 90 ನಾಟಿಕಲ್ ಮೈಲಿ) ವೇಗ ಇಟ್ಟುಕೊಳ್ಳಿ. ಆಗಲೂ ಮಸುಕಾಗಿದ್ದರೆ ಊರಿನ ಮೇಲೆಯೇ ಆಕ್ಟಿವ್ ಪಾಸ್ (ವಿಮಾನವನ್ನು ಗಾಳಿಯಲ್ಲೇ ತಡೆದು ನಿಲ್ಲಿಸುವ ಸೌಲಭ್ಯ) ಹಾಕಿ ಸ್ವಲ್ಪ ಹೊತ್ತು ಕಾಯಿರಿ. ವಿಮಾನ ನಿಲ್ದಾಣದಲ್ಲಿ ನಿಂತು ಕಾದರೆ ಪ್ರಯೋಜನವಿಲ್ಲ, ಲೋಡ್ ಆಗುವುದು ವಿಮಾನದ ಸುತ್ತಮುತ್ತ ಮಾತ್ರ.

ಆಟದೊಳಗಿನ ಮಾರ್ಕೆಟ್‌ಪ್ಲೇಸ್‌ನಿಂದ ಯುನೈಟೆಡ್ ಕಿಂಗ್‌ಡಮ್ ಮತ್ತು ಐರ್ಲೆಂಡ್ ವರ್ಲ್ಡ್ ಅಪ್‌ಡೇಟ್ ಇಳಿಸಿಕೊಳ್ಳಿ. ಉಚಿತ. 2021ರ ಫೆಬ್ರವರಿಯಲ್ಲಿ ಬಂದ ಇದರಲ್ಲಿ ಬ್ರಿಸ್ಟಲ್‌ಗೂ ಫೋಟೋಗ್ರಾಮೆಟ್ರಿ ಸಿಕ್ಕಿತು. ಡೇಟಾ ಸೆಟ್ಟಿಂಗ್‌ನಲ್ಲಿ ಬಿಂಗ್ ಡೇಟಾ, ಫೋಟೋಗ್ರಾಮೆಟ್ರಿ ಎರಡೂ ಆನ್ ಇರಲಿ. ಟೆರೇನ್ ಲೆವೆಲ್ ಆಫ್ ಡೀಟೇಲ್ 200ಕ್ಕೆ ಏರಿಸಿ, ಫ್ರೇಮ್ ಬಿದ್ದು ಚಿತ್ರ ತಡವರಿಸಿದರೆ 150.

ಸಮಯ ಲೈವ್ ಇಡಬೇಡಿ. ಡಿಸೆಂಬರ್‌ನಲ್ಲಿ ಇಲ್ಲಿ ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಕೂತರೆ ಅಲ್ಲಿ ಸಂಜೆ ನಾಲ್ಕು, ಸೂರ್ಯ ಮುಳುಗುವ ಹೊತ್ತು. ಜೂನ್ ತಿಂಗಳು, ಬೆಳಿಗ್ಗೆ ಹತ್ತು ಗಂಟೆ, ಫ್ಯೂ ಕ್ಲೌಡ್ಸ್ ಹವಾಮಾನ ಸಾಕು. ಬ್ರಿಸ್ಟಲ್ ವಿಮಾನ ನಿಲ್ದಾಣ ಗುಡ್ಡದ ಮೇಲಿದೆ, ಮಂಜಿಗೆ ಹೆಸರುವಾಸಿ. ಲೈವ್ ಹವಾಮಾನದಲ್ಲಿ ರನ್‌ವೇಯೇ ಕಾಣದೆ ಹೋಗಬಹುದು.

ವಿಮಾನ ಸೆಸ್ನಾ 172. ರೆಕ್ಕೆ ಮೇಲಿರುವುದರಿಂದ ಕೆಳಗಿನದು ಮರೆಯಾಗುವುದಿಲ್ಲ. ಇಜಿಜಿಡಿಯ (ಬ್ರಿಸ್ಟಲ್ ವಿಮಾನ ನಿಲ್ದಾಣದ ಸಂಕೇತ) ರನ್‌ವೇ 27ರಲ್ಲಿ ನಿಂತು ಬಿ ಕೀ ಒತ್ತಿ, ಎತ್ತರ ತೋರಿಸುವ ಆಲ್ಟಿಮೀಟರ್ ಸರಿಹೋಗುತ್ತದೆ. ಅದು 622 ಅಡಿ ತೋರಿಸಿದರೆ ಗಾಬರಿ ಬೇಡ, ನಿಲ್ದಾಣದ ಎತ್ತರವೇ ಅಷ್ಟು. ಏರಿ ಬಲಕ್ಕೆ ತಿರುಗಿ ದಿಕ್ಸೂಚಿಯಲ್ಲಿ 038 ಡಿಗ್ರಿ ಹಿಡಿದರೆ ಐದೂವರೆ ನಾಟಿಕಲ್ ಮೈಲಿಗೆ (ಮುಂದಿನ ಮೈಲಿಗಳೂ ಇವೇ) ಕ್ಲಿಫ್ಟನ್ ತೂಗುಸೇತುವೆ. ಬ್ರುನೆಲ್ ವಿನ್ಯಾಸ, 1864ರಲ್ಲಿ ತೆರೆದದ್ದು. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಹತ್ತು ಡಿಗ್ರಿ ಇಳಿಸಿದರೆ ಮೂತಿ ತಗ್ಗಿ ಮುಂದಿನದು ಚೆನ್ನಾಗಿ ಕಾಣುತ್ತದೆ. ನೀವು ಕೂತಿರುವುದು ಎಡಗಡೆ, ಆದ್ದರಿಂದ ಎಡಕ್ಕೇ ಸುತ್ತಿ. 20 ಡಿಗ್ರಿ ವಾಲಿಸಿದರೆ ಸುಮಾರು 600 ಮೀಟರ್ ತ್ರಿಜ್ಯದ ಸುತ್ತು ಸಿಗುತ್ತದೆ.

ಇನ್ನು ಮುಂದೆ ಜಿಪಿಎಸ್ ಬೇಡ. ಬಂದರಿನ ನೀರನ್ನು ಹಿಡಿದು ಪೂರ್ವಕ್ಕೆ ಹೋದರೆ ಬಲಕ್ಕೆ ಎಸ್‌ಎಸ್ ಗ್ರೇಟ್ ಬ್ರಿಟನ್ ಹಡಗು, ಎಡಕ್ಕೆ ಗುಡ್ಡದ ಮೇಲೆ ಕ್ಯಾಬಟ್ ಟವರ್, ಆಮೇಲೆ ಟೆಂಪಲ್ ಮೀಡ್ಸ್ ರೈಲು ನಿಲ್ದಾಣ. ಅದರ ಆಗ್ನೇಯಕ್ಕೆ ಮರಗಳು ತುಂಬಿದ ಆರ್ನೋಸ್ ವೇಲ್ ಸ್ಮಶಾನ. ರಾಜಾ ರಾಮಮೋಹನ ರಾಯ್ ಅವರ ಸಮಾಧಿ ಇರುವುದು ಇಲ್ಲೇ. ಮುಂದೆ ಏವನ್ ನದಿಯ ಜೊತೆಜೊತೆಗೇ ಸಾಗುವ ರೈಲು ಹಳಿ ಹಿಡಿಯಿರಿ, ಒಂಬತ್ತು ಮೈಲಿಗೆ ಬಾತ್ ನಗರ. ಅಲ್ಲಿ ಮೊದಲು ಹುಡುಕಬೇಕಾದದ್ದು ಅರ್ಧಚಂದ್ರಾಕಾರದ ಮನೆಸಾಲು ರಾಯಲ್ ಕ್ರೆಸೆಂಟ್, ಪಕ್ಕದಲ್ಲೇ ‘ಸರ್ಕಸ್’ ಎಂಬ ದುಂಡನೆಯ ಮನೆಸಾಲು. ಈ ಎರಡರ ಆಕಾರ ಮೇಲಿನಿಂದಲೇ ಸರಿಯಾಗಿ ತಿಳಿಯುವುದು.

ಬಾತ್‌ನಿಂದ 256 ಡಿಗ್ರಿಯಲ್ಲಿ ಹತ್ತು ಮೈಲಿ ಚ್ಯೂ ವ್ಯಾಲಿ ಕೆರೆ, ಅಲ್ಲಿಂದ 238ರಲ್ಲಿ ಆರು ಚಿಲ್ಲರೆ ಮೈಲಿ ಚೆಡ್ಡಾರ್ ಕಮರಿ. 1,500 ಅಡಿಯಲ್ಲೇ ಇರಿ, ಮೆಂಡಿಪ್ ಬೆಟ್ಟಸಾಲು ಎದುರಾದಾಗ ನೆಲ ತಾನೇ ಮೇಲೇರಿ ಬರುತ್ತದೆ. ಕಮರಿಯನ್ನು ಯಾವಾಗಲೂ ಈಶಾನ್ಯದಿಂದ, ಅಂದರೆ ಮೇಲಿನಿಂದ ಕೆಳಕ್ಕೆ ಹಾದುಹೋಗಿ. ಊರಿನ ಕಡೆಯಿಂದ ನುಗ್ಗಿದರೆ ಏರುವ ನೆಲ ಎದುರಿರುತ್ತದೆ, ತಿರುಗಲು ಜಾಗವಿರುವುದಿಲ್ಲ. ಬಂಡೆಗಳು ಚೂಪಾಗಿ ಕಾಣದೆ ಒರಸಿಹಾಕಿದಂತಿದ್ದರೆ ಬೇಸರ ಬೇಡ, ಕಡಿದಾದ ಗೋಡೆಗಳಿಗೆ ಮೇಲಿಂದ ತೆಗೆದ ಚಿತ್ರ ಹೊದಿಸಿದರೆ ಆಗುವುದೇ ಹಾಗೆ.

ಹೊರಬಂದಾಗ ಎದುರಿಗೆ ದುಂಡನೆಯ ಚೆಡ್ಡಾರ್ ಜಲಾಶಯ. ಬಹಳ ಮಂದಿ ವಿಮಾನ ಕೆಡಿಸಿಕೊಳ್ಳುವುದು ಇಲ್ಲಿ: ಕಮರಿಯ ಗುಂಗಿನಲ್ಲಿ ಕೆಳಗೇ ಇದ್ದು ನೇರ ಉತ್ತರಕ್ಕೆ ತಿರುಗುತ್ತಾರೆ. ವಿಮಾನ ನಿಲ್ದಾಣಕ್ಕೂ ನಿಮಗೂ ನಡುವೆ 1,066 ಅಡಿಯ ಬ್ಲ್ಯಾಕ್ ಡೌನ್ ನಿಂತಿದೆ. ಜಲಾಶಯಕ್ಕೆ ಒಂದು ಸುತ್ತು ಹಾಕುತ್ತಾ 2,000 ಅಡಿಗೆ ಏರಿ, ಆಮೇಲೆ ಉತ್ತರಕ್ಕೆ ಹೋಗಿ. ಬೆಟ್ಟ ದಾಟಿದ ಮೇಲೆ 1,600ಕ್ಕೆ ಇಳಿದು, ರನ್‌ವೇಯನ್ನು ಎಡಕ್ಕಿಟ್ಟುಕೊಂಡು ಪೂರ್ವಾಭಿಮುಖವಾಗಿ ಡೌನ್‌ವಿಂಡ್ (ಇಳಿಯುವ ದಿಕ್ಕಿಗೆ ವಿರುದ್ಧವಾಗಿ ರನ್‌ವೇ ಪಕ್ಕದಲ್ಲಿ ಹಾರುವ ದಾರಿ) ಸೇರಿ ರನ್‌ವೇ 27ಕ್ಕೇ ಇಳಿಯಿರಿ. ಸುತ್ತುಗಳೂ ಸೇರಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಸೆವರ್ನ್ ಸೇತುವೆಗಳು ಉಳಿದವು, ಅವು ಕ್ಲಿಫ್ಟನ್‌ನಿಂದ ಉತ್ತರಕ್ಕೆ. ಇದೇ ಸುತ್ತಿಗೆ ತುರುಕಬೇಡಿ, ಬೇರೆ ದಿನ ಇಟ್ಟುಕೊಳ್ಳಿ.