ಪ್ರತಿಕ್ರಿಯೆ: ಕಪ್ಪು ತಂತಿಗಳನ್ನು ಒಂದುಗೂಡಿಸಬಹುದೇ?

ಎರಡು ಆಂಪ್ಲಿಫೈಯರ್‌ಗಳಿಗೆ ಒಂದೇ ಜೋಡಿ ಸ್ಪೀಕರ್ ಬಳಸುವ ಪೆಟ್ಟಿಗೆಯಲ್ಲಿ ಕಪ್ಪು ತಂತಿಗಳನ್ನೆಲ್ಲ ಒಟ್ಟಿಗೆ ಸೇರಿಸಿ, ಕೆಂಪನ್ನಷ್ಟೇ ಸ್ವಿಚ್‌ಗೆ ಕೊಟ್ಟರೆ ಸಾಲದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಬ್ರಿಡ್ಜ್ ವಿನ್ಯಾಸದ ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ (ಸಿಗ್ನಲ್ ಇಲ್ಲದ ಶೂನ್ಯ ವೋಲ್ಟೇಜ್ ಬಿಂದು) ಆಗಿರದೆ ಅದರಲ್ಲೂ ಸಿಗ್ನಲ್ ಇರುವುದರಿಂದ, ಅವನ್ನು ಕೂಡಿಸಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೇ ಸುಟ್ಟುಹೋಗಬಹುದು. ನಾಲ್ಕು ಪೋಲ್‌ಗಳ (ಎರಡು ಸ್ಪೀಕರ್‌ಗಳ ಕೆಂಪು, ಕಪ್ಪು ತಂತಿಗಳಿಗೆ ಒಂದೊಂದು ಪ್ರತ್ಯೇಕ ಸಂಪರ್ಕವಿರುವ), ಒಂದು ಸಂಪರ್ಕವನ್ನು ಪೂರ್ತಿ ಕಡಿದ ಮೇಲೆಯೇ ಇನ್ನೊಂದನ್ನು ಜೋಡಿಸುವ ಚೇಂಜ್‌ಓವರ್ ಸ್ವಿಚ್ ಕೊಳ್ಳಿ. 8 ಓಮ್ ಸ್ಪೀಕರ್‌ಗೆ 100 ವ್ಯಾಟ್ ಎಂದರೆ ಸುಮಾರು 3.5 ಆಂಪಿಯರ್, ಏರಿಳಿತದ ತುದಿಯಲ್ಲಿ 5, ಆದ್ದರಿಂದ 10 ಆಂಪಿಯರ್ ತಾಳುವಂಥದ್ದಿದ್ದರೆ ನೆಮ್ಮದಿ. ಬೆಸುಗೆ ಹಾಕಿದ ಮೇಲೆ, ಸ್ವಿಚ್ಚಿನ ಎರಡೂ ಸ್ಥಾನಗಳಲ್ಲಿ ಒಂದು ಆಂಪ್ಲಿಫೈಯರ್‌ನ ಟರ್ಮಿನಲ್‌ಗೂ ಮತ್ತೊಂದರದ್ದಕ್ಕೂ ಸಂಪರ್ಕವಿಲ್ಲವೆಂದು ಮಲ್ಟಿಮೀಟರ್‌ನಿಂದ ಒಂದೊಂದಾಗಿ ಪರೀಕ್ಷಿಸಿ. ನಿಮ್ಮದರಲ್ಲಿ ಒಂದು ವಾಲ್ವ್ (ನಿರ್ವಾತ ಕೊಳವೆಯ) ಆಂಪ್ಲಿಫೈಯರ್ ಆಗಿದ್ದರೆ, ಲೋಡ್ (ಅಂದರೆ ಸ್ಪೀಕರ್) ಇಲ್ಲದೆ ಓಡಿದಾಗ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗುವ ಭಯವಿರುವುದರಿಂದ, ಸ್ವಿಚ್ ತಿರುಗಿಸುವ ಮೊದಲೇ ಅದನ್ನು ಆಫ್ ಮಾಡಿ.