ಜನ ಕೊಟ್ಟ ತೀರ್ಪನ್ನು ಸಂಸತ್ತು ಮೀರಬಹುದೇ?

ನೀವು ಕೇಳಿರುವುದು ಎರಡು. ಜನಮತಗಣನೆಯಲ್ಲಿ, ಅಂದರೆ ಒಂದು ಪ್ರಶ್ನೆಯನ್ನು ನೇರವಾಗಿ ಮತದಾರರ ಮುಂದಿಡುವ ಮತದಾನದಲ್ಲಿ, ಜನ ಒಮ್ಮೆ ತೀರ್ಪು ಕೊಟ್ಟ ಮೇಲೆ ಸಂಸತ್ತು ಅದನ್ನು ಪಕ್ಕಕ್ಕಿಡಬಹುದೇ ಎಂಬುದು ಮೊದಲನೆಯದು. ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದರೂ ಗೆಲುವು ಎನ್ನುವ ಬದಲು ಶೇ 60ರ ಮಿತಿ ಇಟ್ಟರೆ ಈ ಜಗಳ ತೀರುತ್ತದೆಯೇ ಎಂಬುದು ಎರಡನೆಯದು.

ಮೊದಲನೆಯದಕ್ಕೆ ಚಿಕ್ಕ ಉತ್ತರ: ಕಾನೂನಿನ ಪ್ರಕಾರ ಎಷ್ಟೋ ದೇಶಗಳಲ್ಲಿ ಪಕ್ಕಕ್ಕಿಡಬಹುದು. ಆದರೆ ಜನ ಒಂದು ಕಡೆ, ಸಂಸತ್ತು ಇನ್ನೊಂದು ಕಡೆ ನಿಂತು ಜಗಳಕ್ಕಿಳಿದ ಪ್ರಸಂಗಗಳನ್ನು ಬಿಡಿಸಿ ನೋಡಿದರೆ, ಎಡವಟ್ಟು ಬಹುತೇಕ ಪ್ರಶ್ನೆ ಬರೆಯುವಾಗಲೇ ಆಗಿರುತ್ತದೆ.

ಬ್ರೆಕ್ಸಿಟ್‌ನಿಂದಲೇ ಶುರು ಮಾಡುತ್ತೇನೆ, ಎಲ್ಲರಿಗೂ ಗೊತ್ತಿರುವುದು ಅದೇ. 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಐರೋಪ್ಯ ಒಕ್ಕೂಟವನ್ನು ಬಿಡಬೇಕು ಎಂದು ಶೇ 51.9, ಉಳಿಯಬೇಕು ಎಂದು ಶೇ 48.1 ಮತ ಬಿತ್ತು. ಈ ಮತದಾನಕ್ಕಾಗಿ 2015ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತ್ತು. ಯಾರು ಮತ ಹಾಕಬಹುದು, ಮತಪತ್ರದಲ್ಲಿ ಪ್ರಶ್ನೆ ಹೇಗಿರಬೇಕು ಎಂಬುದೆಲ್ಲ ಅದರಲ್ಲಿದೆ. ಫಲಿತಾಂಶ ಬಂದ ಮೇಲೆ ಸರ್ಕಾರ ಏನು ಮಾಡಬೇಕು ಎಂಬುದು ಮಾತ್ರ ಇಲ್ಲ. ಬರೆಯಲು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಚುನಾವಣಾ ಪದ್ಧತಿಯನ್ನು ಬದಲಿಸಬೇಕೇ ಎಂದು 2011ರಲ್ಲಿ ಜನರನ್ನು ಕೇಳಿದಾಗ, ‘ಹೌದು’ ಗೆದ್ದರೆ ಕ್ಷೇತ್ರ ಪುನರ್ವಿಂಗಡಣೆಯ ಜೊತೆಗೇ ಹೊಸ ಪದ್ಧತಿಯನ್ನೂ ಮಂತ್ರಿ ಜಾರಿಗೆ ತರಲೇಬೇಕು ಎಂದು ಕಾಯ್ದೆಯಲ್ಲಿ ಬರೆದಿದ್ದರು. (‘ಇಲ್ಲ’ ಗೆದ್ದಿತು, ಹಾಗಾಗಿ ಆ ಸಾಲು ಕೆಲಸಕ್ಕೆ ಬರಲಿಲ್ಲ.)

ಅಂದರೆ 2016ರ ಮತದಾನ ಕಾನೂನಿನ ಕಣ್ಣಲ್ಲಿ ಬರೀ ಸಲಹೆ. ಆದರೆ ಅದೇ ಹೊತ್ತಿಗೆ ಸರ್ಕಾರ, ನಿಮ್ಮ ನಿರ್ಧಾರವನ್ನು ನಾವು ಜಾರಿ ಮಾಡುತ್ತೇವೆ ಎಂದು ಮನೆಮನೆಗೆ ಕರಪತ್ರ ಹಂಚಿತ್ತು. ಕಾಯ್ದೆ ಒಂದು ಹೇಳಿತು, ಕರಪತ್ರ ಇನ್ನೊಂದು ಹೇಳಿತು. ಮುಂದಿನ ಮೂರೂವರೆ ವರ್ಷದ ರಾದ್ಧಾಂತದ ಬೀಜ ಇಲ್ಲೇ ಬಿತ್ತು ಎಂದು ನನ್ನ ಅನಿಸಿಕೆ. ಒಕ್ಕೂಟದಿಂದ ಹೊರಬರುವ ನೋಟಿಸನ್ನು ಸರ್ಕಾರ ತಾನೇ ಕೊಡುವಂತಿಲ್ಲ, ಅದಕ್ಕೆ ಸಂಸತ್ತಿನ ಕಾಯ್ದೆ ಬೇಕು ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 8–3ರ ಬಹುಮತದಲ್ಲಿ ಹೇಳಿತು. ನ್ಯಾಯಾಧೀಶರು ಜನರ ಇಚ್ಛೆಗೆ ಅಡ್ಡ ಬಂದರು ಎಂದು ಆಗ ಕೂಗಾಡಿದವರು ಬಹಳ. ವಾಸ್ತವದಲ್ಲಿ ಕೋರ್ಟ್ ಹೇಳಿದ್ದು ಇಷ್ಟೇ: ಸಂಸತ್ತು ಮಾಡಿದ ಕಾನೂನನ್ನು ತೆಗೆಯುವ ಅಧಿಕಾರ ಸಂಸತ್ತಿನದು. ಉಳಿಯುವ ಪರವಾಗಿದ್ದ ಸಂಸದರೇ ಸದನದಲ್ಲಿ ಹೆಚ್ಚು ಇದ್ದರೂ ಅವರು ಜನರ ಮಾತಿಗೆ ತಲೆಬಾಗಿ ಕಾಯ್ದೆ ಮಾಡಿಕೊಟ್ಟರು. ಮಾರ್ಚ್ ಮುಗಿಯುವುದರೊಳಗೆ ನೋಟಿಸೂ ಹೋಯಿತು.

ಕಗ್ಗಂಟು ಬಿದ್ದದ್ದು ಅದಾದ ಮೇಲೆ. ‘ಬಿಡುತ್ತೇವೆ’ ಎಂದವರಲ್ಲಿ ಒಬ್ಬರಿಗೆ ಒಕ್ಕೂಟದ ಮಾರುಕಟ್ಟೆಯ ಒಳಗೇ ಇರಬೇಕಿತ್ತು, ಇನ್ನೊಬ್ಬರಿಗೆ ಯಾವ ನಂಟೂ ಬೇಡವಾಗಿತ್ತು. ಸುಂಕದ ಒಪ್ಪಂದ ಏನಾಗಬೇಕು, ಐರ್ಲೆಂಡಿನ ಗಡಿಯಲ್ಲಿ ತಪಾಸಣೆ ಬೇಕೇ ಎಂಬ ಯಾವುದನ್ನೂ ಮತಪತ್ರ ಕೇಳಿರಲಿಲ್ಲ. 2019ರ ಜನವರಿಯಲ್ಲಿ ಸರ್ಕಾರ ತಂದ ಒಪ್ಪಂದ 432–202 ಮತಗಳಿಂದ ಬಿದ್ದುಹೋಯಿತು. ಮಾರ್ಚ್‌ನಲ್ಲಿ ಸಂಸದರು ತಾವೇ ಎಂಟು ದಾರಿಗಳನ್ನು ಮತಕ್ಕೆ ಹಾಕಿ ನೋಡಿದರು, ಎಂಟರಲ್ಲಿ ಒಂದಕ್ಕೂ ಬಹುಮತ ಸಿಗಲಿಲ್ಲ. ಇದನ್ನು ‘ಸಂಸತ್ತು ಜನರ ತೀರ್ಪನ್ನು ಧಿಕ್ಕರಿಸಿತು’ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಪಾಲಿಸಬೇಕು ಎಂದರೂ ಏನನ್ನು ಪಾಲಿಸುವುದು? ಮನೆ ಖಾಲಿ ಮಾಡೋಣ ಎಂದು ಎಲ್ಲರೂ ಕೂಡಿ ತೀರ್ಮಾನಿಸಿ, ಎಲ್ಲಿಗೆ ಹೋಗುವುದು ಎಂಬುದನ್ನು ಸಾಮಾನು ಹೊರುವವರ ತಲೆಗೆ ಕಟ್ಟಿದ ಹಾಗಾಯಿತು.

ಇದಕ್ಕೆ ವಿರುದ್ಧವಾದ ಪ್ರಸಂಗ ಸ್ವೀಡನ್ನಿನದು, ನನಗೆ ತುಂಬ ಇಷ್ಟವಾದದ್ದು. ರಸ್ತೆಯ ಎಡಗಡೆ ಬಿಟ್ಟು ಬಲಗಡೆ ವಾಹನ ಓಡಿಸಲು ಶುರು ಮಾಡೋಣವೇ ಎಂದು 1955ರಲ್ಲಿ ಅಲ್ಲಿ ಜನರನ್ನು ಕೇಳಿದರು. ಸುಮಾರು ಶೇ 83ರಷ್ಟು ಮತದಾರರು ಬೇಡವೇ ಬೇಡ ಎಂದರು. ಇದಕ್ಕಿಂತ ಸ್ಪಷ್ಟವಾದ ತೀರ್ಪು ಎಲ್ಲಿ ಸಿಕ್ಕೀತು? ಆದರೂ 1963ರಲ್ಲಿ ಸಂಸತ್ತು ಬದಲಾವಣೆಗೆ ಒಪ್ಪಿಗೆ ಕೊಟ್ಟಿತು. 1967ರ ಸೆಪ್ಟೆಂಬರ್ 3ರಂದು ಇಡೀ ದೇಶ ಬಲಗಡೆಗೆ ಹೊರಳಿತು. ಸರ್ಕಾರವೇನೂ ಉರುಳಲಿಲ್ಲ.

ಇದು ದಕ್ಕಿದ್ದು ಹೇಗೆ? ಅಲ್ಲಿ ಜನಮತಗಣನೆ ಸಲಹೆ ಮಾತ್ರ ಎಂಬುದು ಮೊದಲೇ ಗೊತ್ತಿತ್ತು. ಮತದಾನಕ್ಕೂ ಸಂಸತ್ತಿನ ನಿರ್ಧಾರಕ್ಕೂ ನಡುವೆ ಎಂಟು ವರ್ಷ ಸರಿದಿತ್ತು, ಚುನಾವಣೆಗಳು ನಡೆದಿದ್ದವು. ಅಕ್ಕಪಕ್ಕದ ನಾರ್ವೆ, ಫಿನ್ಲೆಂಡ್‌ಗಳಲ್ಲಿ ವಾಹನಗಳು ಬಲಗಡೆಯೇ ಓಡುತ್ತಿದ್ದವು. ತಮಾಷೆಯೆಂದರೆ ಸ್ವೀಡನ್ನಿನ ಕಾರುಗಳಲ್ಲೂ ಸ್ಟೀರಿಂಗ್ ಇದ್ದದ್ದು ಹೆಚ್ಚಾಗಿ ಎಡಕ್ಕೆ, ಬಲಗಡೆ ಓಡಿಸಲು ಹೊಂದುವ ಹಾಗೆ. ತೀರ್ಪು ಬಂದ ಮರುದಿನವೇ ಸಂಸತ್ತು ಅದನ್ನು ತಿರುಗಿಸಿದ್ದರೆ ಕತೆ ಬೇರೆಯಾಗುತ್ತಿತ್ತು. ಇಷ್ಟು ವರ್ಷ ಬಿಟ್ಟು, ಮತ್ತೆ ಮತದಾರರ ಮುಂದೆ ಹೋಗಿ ಬಂದ ಸಂಸತ್ತಿಗೆ ಹಳೆಯ ಉತ್ತರವನ್ನು ಬದಲಿಸುವ ಹಕ್ಕು ಇದೆ ಎಂದೇ ನಾನು ವಾದಿಸುತ್ತೇನೆ. 1955ರಲ್ಲಿ ಮತ ಹಾಕಿದವರು ಹೇಗೆ ಜನರೋ, 1960ರಲ್ಲಿ ಸಂಸದರನ್ನು ಆರಿಸಿದವರೂ ಹಾಗೇ ಜನರು.

‘ಜನರ ಇಚ್ಛೆ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಕೇಳಿದವರು ಯಾರು ಎಂದು ನೋಡುವ ಚಟ ನನಗಿದೆ. ಫ್ರಾನ್ಸಿನಲ್ಲಿ 1962ರಲ್ಲಿ ಅಧ್ಯಕ್ಷ ದ ಗಾಲ್, ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕು ಎಂಬ ತಿದ್ದುಪಡಿಯನ್ನು ಸಂಸತ್ತಿನ ಮುಂದಿಡದೆ ಸೀದಾ ಜನಮತಗಣನೆಗೆ ಹಾಕಿದರು. ಸಿಟ್ಟಿಗೆದ್ದ ಸಂಸತ್ತು ಅವಿಶ್ವಾಸ ಮತದಿಂದ ಸರ್ಕಾರವನ್ನು ಕೆಡವಿತು. ಅವರು ಸಂಸತ್ತನ್ನೇ ವಿಸರ್ಜಿಸಿ, ಸುಮಾರು ಶೇ 62ರಷ್ಟು ‘ಹೌದು’ ಮತದೊಂದಿಗೆ ಗೆದ್ದರು. ಕಾನೂನು ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ನೋಡುವ ಸಾಂವಿಧಾನಿಕ ಮಂಡಳಿಯ ಬಾಗಿಲು ಬಡಿದರೆ, ಜನರು ನೇರವಾಗಿ ಒಪ್ಪಿದ ಕಾನೂನನ್ನು ಪರಿಶೀಲಿಸುವ ಅಧಿಕಾರ ತನಗಿಲ್ಲ ಎಂದು ಅದೂ ಕೈಚೆಲ್ಲಿತು. ದ ಗಾಲ್ ಪರವಾಗಿ ಹೇಳಬೇಕಾದ ಒಂದು ಮಾತಿದೆ: 1969ರಲ್ಲಿ ಇನ್ನೊಂದು ಜನಮತಗಣನೆಯಲ್ಲಿ ಸೋತಾಗ ಅವರು ಕೂಡಲೇ ರಾಜೀನಾಮೆ ಕೊಟ್ಟು ಹೋದರು. ಎಲ್ಲರಲ್ಲೂ ಆ ಮರ್ಯಾದೆಯನ್ನು ನಿರೀಕ್ಷಿಸುವಂತಿಲ್ಲ. 1934ರ ಆಗಸ್ಟ್‌ನಲ್ಲಿ ಹಿಟ್ಲರ್ ಅಧ್ಯಕ್ಷ ಮತ್ತು ಚಾನ್ಸಲರ್ ಹುದ್ದೆಗಳನ್ನು ಒಂದುಗೂಡಿಸಿಕೊಂಡಾಗ ಅದಕ್ಕೂ ಜನಮತಗಣನೆಯ ಮುದ್ರೆ ಒತ್ತಿಸಿಕೊಂಡಿದ್ದ. ಅಷ್ಟರಲ್ಲಿ ಸಂಸತ್ತು ಹೆಸರಿಗೆ ಮಾತ್ರ ಉಳಿದಿತ್ತು.

ಗ್ರೀಸ್ ಬಗ್ಗೆ ಎರಡೇ ಮಾತು. ಸಾಲ ಕೊಟ್ಟವರ ಷರತ್ತುಗಳನ್ನು ಒಪ್ಪಬೇಕೇ ಎಂದು 2015ರ ಜುಲೈ 5ರಂದು ಸರ್ಕಾರ ಕೇಳಿತು. ಶೇ 61ರಷ್ಟು ಮತ ‘ಬೇಡ’ಕ್ಕೆ ಬಿತ್ತು, ಬೇಡ ಅನ್ನಿ ಎಂದು ಪ್ರಚಾರ ಮಾಡಿದ ಸರ್ಕಾರವೇ ಸುಮಾರು ಒಂದು ವಾರದಲ್ಲಿ ಕಠಿಣ ಷರತ್ತುಗಳಿಗೆ ತಲೆದೂಗಿತು. ಉತ್ತರ ಕೊಡಬೇಕಾದವರಲ್ಲಿ ಅರ್ಧ ಜನ, ಅಂದರೆ ಸಾಲ ಕೊಟ್ಟವರು, ದೇಶದ ಹೊರಗಿದ್ದಾಗ, ಒಳಗಿನವರನ್ನಷ್ಟೇ ಕೇಳಿ ಆಗುವುದೇನು?

ಹಾಗಾದರೆ ಜನಮತಗಣನೆಯೇ ಬೇಡವೇ? ಬೇಕು. ಐರ್ಲೆಂಡ್ ಅದನ್ನು ಚೆನ್ನಾಗಿ ಬಳಸಿಕೊಂಡಿದೆ. ಅಲ್ಲಿ ಸಂವಿಧಾನದ ಯಾವ ತಿದ್ದುಪಡಿಯೇ ಆಗಲಿ, ಮಸೂದೆಯಾಗಿ ಸಂಸತ್ತಿನ ಎರಡೂ ಸದನಗಳನ್ನು ದಾಟಿದ ಮೇಲಷ್ಟೇ ಜನರ ಮುಂದೆ ಬರುತ್ತದೆ. 2018ರ ಗರ್ಭಪಾತದ ಜನಮತಗಣನೆಗೆ ಮೊದಲು, ಚೀಟಿ ಎತ್ತಿದ ಹಾಗೆ ಆರಿಸಿದ 99 ಸಾಮಾನ್ಯ ನಾಗರಿಕರ ಸಭೆ ಕೂತು ವಿಷಯವನ್ನು ಜಾಲಾಡಿತು. ಆಮೇಲೆ ಸಂಸದೀಯ ಸಮಿತಿ ನೋಡಿತು. ತಿದ್ದುಪಡಿ ಗೆದ್ದರೆ ಬರುವ ಕಾನೂನು ಹೇಗಿರುತ್ತದೆ ಎಂಬ ಕರಡನ್ನೂ ಸರ್ಕಾರ ಮೊದಲೇ ಹೊರಗಿಟ್ಟಿತು. ಶೇ 66.4ರಷ್ಟು ಮತದಿಂದ ತಿದ್ದುಪಡಿ ಗೆದ್ದಿತು, ಅದೇ ವರ್ಷದ ಕೊನೆಗೆ ಕಾನೂನೂ ಬಂತು. ಗೆದ್ದವರು ನೀವು ಕೇಳಿದ್ದು ಬೇರೆ, ಕೊಟ್ಟದ್ದು ಬೇರೆ ಎನ್ನಲು ಜಾಗವೇ ಇರಲಿಲ್ಲ. ಸಂಸತ್ತು ತಂದದ್ದಕ್ಕೆಲ್ಲ ಜನ ಮುದ್ರೆ ಒತ್ತುತ್ತಾರೆ ಎಂದೂ ತಿಳಿಯಬೇಡಿ. 2024ರ ಮಾರ್ಚ್‌ನಲ್ಲಿ ಸರ್ಕಾರವೂ ಪ್ರಮುಖ ವಿರೋಧ ಪಕ್ಷಗಳೂ ಬೆಂಬಲಿಸಿದ ಎರಡು ತಿದ್ದುಪಡಿಗಳನ್ನು ಅವರು ಭಾರಿ ಅಂತರದಲ್ಲಿ ತಿರಸ್ಕರಿಸಿದರು.

ಸ್ವಿಟ್ಜರ್ಲೆಂಡನ್ನು ನೇರ ಪ್ರಜಾಪ್ರಭುತ್ವದ ಸ್ವರ್ಗ ಎಂದು ಹೊಗಳುವವರಿಗೆ ನೆನಪಿಸಬೇಕಾದ ಸಂಗತಿ ಒಂದಿದೆ. ಹೆಂಗಸರಿಗೆ ಮತದಾನದ ಹಕ್ಕು ಬೇಡ ಎಂದು 1959ರಲ್ಲಿ ಅಲ್ಲಿನ ಗಂಡಸರು ಸುಮಾರು ಮೂರನೇ ಎರಡರಷ್ಟು ಮತದಿಂದ ತೀರ್ಮಾನಿಸಿದರು. ರಾಷ್ಟ್ರ ಮಟ್ಟದಲ್ಲಿ ಹೆಂಗಸರಿಗೆ ಆ ಹಕ್ಕು ಸಿಕ್ಕಿದ್ದು 1971ರಲ್ಲಿ. ಒಬ್ಬರ ಹಕ್ಕನ್ನು ಇನ್ನೊಬ್ಬರ ಮತಕ್ಕೆ ಹಾಕಿದರೆ ಹೀಗಾಗುತ್ತದೆ. ಆದರೆ ಸಂಸತ್ತಿನೊಂದಿಗಿನ ತಿಕ್ಕಾಟವನ್ನು ಸಂಭಾಳಿಸುವುದು ಅವರಿಗೆ ಗೊತ್ತು. ಸಂಸತ್ತು ಮಾಡಿದ ಕಾಯ್ದೆಯ ವಿರುದ್ಧ 100 ದಿನಗಳಲ್ಲಿ 50,000 ಸಹಿ ಕೂಡಿಸಿದರೆ ಅದು ಮತಕ್ಕೆ ಹೋಗುತ್ತದೆ, ಆದ್ದರಿಂದ ಸಂಸದರು ಮಸೂದೆ ಬರೆಯುವಾಗಲೇ ವಿರೋಧಿಗಳನ್ನು ಕರೆದು ಮಾತಾಡಿಸುತ್ತಾರೆ. 2014ರಲ್ಲಿ ವಲಸೆಗೆ ಮಿತಿ ಹಾಕಬೇಕೆಂಬ ಪ್ರಸ್ತಾವ ಶೇ 50.3ರಿಂದ ಗೆದ್ದಾಗ, ಐರೋಪ್ಯ ಒಕ್ಕೂಟದೊಂದಿಗಿನ ಒಪ್ಪಂದ ಮುರಿಯದ ಹಾಗೆ ಸಂಸತ್ತು ಅದನ್ನು ಬಹಳ ನೀರಾಗಿಸಿ ಜಾರಿ ಮಾಡಿತು. ದ್ರೋಹ ಎಂದು ಕೂಗೆದ್ದಿತು. ಕೂಗಿದವರು ಒಕ್ಕೂಟದೊಂದಿಗಿನ ಮುಕ್ತ ಸಂಚಾರವನ್ನೇ ನಿಲ್ಲಿಸಬೇಕೆಂದು ಸಹಿ ಸಂಗ್ರಹಿಸಿ ಮತ್ತೆ ಮತಕ್ಕೆ ತಂದರು. 2020ರಲ್ಲಿ ಅದು ಶೇ 61.7ರಷ್ಟು ವಿರೋಧದೊಂದಿಗೆ ಸೋತಿತು.

ಇನ್ನು ನಿಮ್ಮ ಶೇ 60ರ ಮಿತಿ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. 1979ರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಬೇಕೇ ಎಂದು ಕೇಳಿದಾಗ, ನೋಂದಾಯಿತ ಮತದಾರರಲ್ಲಿ ಶೇ 40ರಷ್ಟು ಜನ ‘ಹೌದು’ ಎನ್ನಬೇಕು ಎಂಬ ಷರತ್ತು ಇಟ್ಟಿದ್ದರು. ಬಿದ್ದ ಮತಗಳಲ್ಲಿ ಶೇ 51.6 ಪರವಾಗಿತ್ತು, ನೋಂದಾಯಿತರ ಲೆಕ್ಕದಲ್ಲಿ ಅದು ಶೇ 33ರಷ್ಟೂ ಆಗಲಿಲ್ಲ. ಗೆದ್ದವರು ಮೋಸ ಎಂದರು. ಆ ತಿಂಗಳೇ ಬ್ರಿಟನ್ನಿನ ಸರ್ಕಾರ ಸಂಸತ್ತಿನಲ್ಲಿ ಒಂದೇ ಮತದಿಂದ ಬಿದ್ದಿತು. ವಿಷಯ ತಣ್ಣಗಾಗದೆ, 1997ರಲ್ಲಿ ಮತ್ತೆ ಜನಮತಗಣನೆ ನಡೆಸಿದ ಮೇಲೆ ಶಾಸನಸಭೆ ಬಂತು.

ಮಿತಿಯನ್ನು ಏರಿಸುವ ಬದಲು ಎರಡು ಸಲ ಕೇಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನ್ಯೂಜಿಲೆಂಡ್ ಚುನಾವಣಾ ಪದ್ಧತಿಯನ್ನು ಬದಲಿಸಿದ್ದು ಹಾಗೇ. 1992ರಲ್ಲಿ ಮೊದಲು ಬದಲಾವಣೆ ಬೇಕೇ, ಬೇಕಾದರೆ ಯಾವುದು ಎಂದು ಬರೀ ಸಲಹೆಯಾಗಿ ಕೇಳಿದರು. ಉತ್ತರ ಸಿಕ್ಕ ಮೇಲೆ ಸಂಸತ್ತು ಕೂತು ಪೂರ್ತಿ ಕಾಯ್ದೆ ಬರೆಯಿತು. 1993ರಲ್ಲಿ ಆ ಕಾಯ್ದೆಯನ್ನೇ ಜನರ ಮುಂದಿಟ್ಟು, ಈ ಸಲದ ಉತ್ತರಕ್ಕೆ ಎಲ್ಲರೂ ಬದ್ಧರು ಎಂದು ಕೇಳಿದರು. ಶೇ 53.9ರಷ್ಟು ಮತ ಪರವಾಗಿ ಬಿತ್ತು. ನಿಮ್ಮ 60 ಅಲ್ಲಿ ಬಂದಿರಲಿಲ್ಲ. ಹೊಸ ಪದ್ಧತಿಯಲ್ಲಿ 1996ರಿಂದ ಚುನಾವಣೆಗಳು ನಡೆಯುತ್ತಿವೆ. ಇದನ್ನೇ ಇಟ್ಟುಕೊಳ್ಳೋಣವೇ ಎಂದು 2011ರಲ್ಲಿ ಇನ್ನೊಮ್ಮೆ ಕೇಳಿದಾಗ, ಇರಲಿ ಎಂದವರು ಶೇ 57.8.