ಮೊದಲು ಮುಳ್ಳು ನಿಜ ಹೇಳಲಿ, ಎಲ್‌ಇಡಿ ಆಮೇಲೆ

ಪ್ರಶ್ನೆ: ಸರ್, ಅಪ್ಪಾಜಿ ತಗೊಂಡ 1998ರ ಮಾರುತಿ 800 ಈಗ ನಾನು ಓಡಿಸುತ್ತಿದ್ದೇನೆ. ವಾರಕ್ಕೊಮ್ಮೆ ಜೇವರ್ಗಿ ಕಡೆ ಹೊಲಕ್ಕೆ ಹೋಗಿ ಬರುತ್ತೇನೆ. ರಾತ್ರಿ ಮೀಟರ್ ಕಾಣುವುದೇ ಇಲ್ಲ. ಪೆಟ್ರೋಲ್ ಮುಳ್ಳು ಕುಣಿಯುತ್ತದೆ, ಟೆಂಪರೇಚರ್ ಮುಳ್ಳು ಮೇಲೆ ಏಳುವುದೇ ಇಲ್ಲ. ಇಡೀ ಮೀಟರ್ ಬದಲಿಸಬೇಕು ಅಂತಾರೆ. ಮನೆಯಲ್ಲೇ ಬಿಚ್ಚಿ ಎಲ್‌ಇಡಿ ಹಾಕಬಹುದಾ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಖಂಡಿತ ಹಾಕಬಹುದು. ಆದರೆ ಎಲ್‌ಇಡಿ ಕೊನೆಗೆ ಇಟ್ಟುಕೊಳ್ಳಿ. ನಮ್ಮ ಊರಲ್ಲಿ ಮೇ ತಿಂಗಳು 42–43 ಡಿಗ್ರಿ ಬಿಸಿಲಿರುತ್ತದೆ, ಅಂಥದ್ದರಲ್ಲಿ ಟೆಂಪರೇಚರ್ ಮುಳ್ಳು ಸುಳ್ಳು ಹೇಳಿದರೆ ಇಂಜಿನ್ ಹೆಡ್ ಹೋಗುವವರೆಗೂ ನಿಮಗೆ ಗೊತ್ತಾಗುವುದಿಲ್ಲ.

ಎರಡೂ ಮುಳ್ಳು ಒಟ್ಟಿಗೆ ಕೆಟ್ಟಿದ್ದರೆ ಮೀಟರ್ ಮೇಲೆ ಅನುಮಾನ ಪಡುವ ಮೊದಲು ಅರ್ಥ್ (ಗಾಡಿಯ ಲೋಹದ ಮೈಗೆ ಜೋಡಿಸಿದ ಮೈನಸ್ ವೈರ್) ಮತ್ತು ಫ್ಯೂಸ್ ನೋಡಿ. ಅದು ಸರಿ ಇದ್ದರೆ ಇಂಜಿನ್ ಮೇಲಿನ ಟೆಂಪರೇಚರ್ ಸೆನ್ಸರ್ ವೈರ್ ತೆಗೆದು, ಕೀ ಆನ್ ಮಾಡಿ, 12 ವೋಲ್ಟಿನ 3.4 ವ್ಯಾಟ್ ಬಲ್ಬ್ ಮೂಲಕ ಗಾಡಿಯ ಲೋಹದ ಮೈಗೆ ಮುಟ್ಟಿಸಿ. ಇಂಜಿನ್ ಆಫ್ ಆಗಿರಲಿ, ತಣ್ಣಗಿರಲಿ. ಮುಳ್ಳು ಮೇಲೆ ಹೋಯಿತು ಅಂದ್ರೆ ಮೀಟರ್ ಚೆನ್ನಾಗಿದೆ, ಸೆನ್ಸರ್ ಬದಲಿಸಿದರೆ ಸಾಕು. ಪೆಟ್ರೋಲ್ ಟ್ಯಾಂಕಿನ ಫ್ಲೋಟ್ (ಪೆಟ್ರೋಲ್ ಮಟ್ಟ ಅಳೆಯುವ ತೇಲುಬುರುಡೆ) ವೈರಿಗೂ ಇದೇ ಪರೀಕ್ಷೆ. ಟ್ಯಾಂಕ್ ಹತ್ತಿರ ಕಿಡಿ ಬರಕೂಡದು, ಹಾಗಾಗಿ ದೂರದ ಕನೆಕ್ಟರಿನಲ್ಲೇ ಮಾಡಿ.

ಸೆನ್ಸರ್ ಬದಲಿಸುವ ಮೊದಲು ಇನ್ನೊಂದು ವಿಷಯ. ಬಿಸಿಲೂರು ಅಂತ ಹೇಳಿ ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿಯಾಗುವವರೆಗೂ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ವಾಲ್ವ್) ಕಿತ್ತು ಹಾಕುವ ಅಭ್ಯಾಸ ಬಹಳ ಗ್ಯಾರೇಜುಗಳಲ್ಲಿದೆ. ಹಾಗೆ ಮಾಡಿದ್ದರೆ ಖಾಲಿ ರಸ್ತೆಯಲ್ಲಿ ಓಡುವಾಗ ಮುಳ್ಳು ಕೆಳಗೇ ಇರುತ್ತದೆ, ಅದು ನಿಜವನ್ನೇ ಹೇಳುತ್ತಿರುತ್ತದೆ! ಇಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಒಂದು ಸಲ ಕೇಳಿ ನೋಡಿ, ತೆಗೆದಿದ್ದರೆ ಹೊಸದು ಹಾಕಿಸಿ.

ಈಗ ಬಿಚ್ಚೋಣ. ಬ್ಯಾಟರಿ ಮೈನಸ್ ತೆಗೆಯಿರಿ. ಮೀಟರ್ ಸುತ್ತಿನ ಸ್ಕ್ರೂ ಬಿಚ್ಚಿ, ಸ್ವಲ್ಪ ಮುಂದಕ್ಕೆ ಎಳೆದು ಹಿಂದೆ ಕೈ ಹಾಕಿ ಸ್ಪೀಡೋಮೀಟರ್ ಕೇಬಲ್ ಬಿಡಿಸಿ, ಆಮೇಲೆ ವೈರ್ ಕನೆಕ್ಟರ್. ಜೋರು ಬೇಡ. 25 ವರ್ಷಕ್ಕೂ ಹೆಚ್ಚು ಕಲಬುರಗಿ ಬಿಸಿಲು ಉಂಡ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಬಿಚ್ಚುವ ಮೊದಲೇ ಮೊಬೈಲಲ್ಲಿ ನಾಲ್ಕು ಫೋಟೋ ತೆಗೆದಿಡಿ. ಹಿಂದೆ ತೆಳು ಹಾಳೆಯ ಮೇಲೆ ತಾಮ್ರದ ಗೆರೆಗಳಿರುತ್ತವೆ, ಬಲ್ಬ್ ಹೋಲ್ಡರ್ ಕೂರುವ ಜಾಗ ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಎಷ್ಟೋ ಸಲ ಬೆಳಕೂ ಮುಳ್ಳೂ ಇಷ್ಟಕ್ಕೇ ಸರಿಹೋಗುತ್ತವೆ. ಗಾಜಿನಂಥ ಮುಚ್ಚಳಕ್ಕೆ ಸೋಪು ನೀರು ಸಾಕು, ಥಿನ್ನರ್ ಹಚ್ಚಬೇಡಿ. ಮುಳ್ಳು ಮಾತ್ರ ಕೀಳಲೇಬೇಡಿ.

ಎಲ್‌ಇಡಿ ಹಾಕುವಾಗ ಹಳೆ ಬಲ್ಬ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಸೈಜು ತಪ್ಪುವುದಿಲ್ಲ. ಹೊತ್ತದಿದ್ದರೆ ತಿರುಗಿಸಿ ಹಾಕಿ, ಪ್ಲಸ್ ಮೈನಸ್ ಅದಲು ಬದಲಾಗಿರುತ್ತದೆ ಅಷ್ಟೇ. ಆದರೆ ಬ್ಯಾಟರಿ ಗುರುತಿನ ಚಾರ್ಜಿಂಗ್ ಲೈಟಿಗೆ ಹಳೆ ಬಲ್ಬೇ ಇರಲಿ. ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಡೈನಮೊ) ಚಾರ್ಜ್ ಶುರು ಮಾಡಲು ಬೇಕಾದ ಮೊದಲ ಕರೆಂಟ್ ಈ ಬಲ್ಬಿನ ಮೂಲಕವೇ ಹೋಗುತ್ತದೆ. ಎಲ್‌ಇಡಿ ಹಾಕಿದರೆ ಅಷ್ಟು ಕರೆಂಟ್ ಹೋಗುವುದಿಲ್ಲ, ಬ್ಯಾಟರಿ ಇಳಿದು ನಡುದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಬಣ್ಣ ವಾರ್ಮ್ ವೈಟ್ ತಗೊಳ್ಳಿ, ನೀಲಿ ಬೆಳಕು ರಾತ್ರಿ ಕಣ್ಣಿಗೆ ಚುಚ್ಚುತ್ತದೆ.

ಪ್ರಶ್ನೆ: ನನ್ನ ಹಳೇ ಸ್ಕೂಟರಿನ ಸ್ಪೀಡೋಮೀಟರ್ ಮುಳ್ಳು ನಡುಗುತ್ತದೆ, ಕಿರ್‌ಕಿರ್ ಸದ್ದೂ ಬರುತ್ತದೆ. ಮೀಟರ್ ಹೋಯಿತಾ?
– ಓದುಗರು, ಬೀದರ್

ಉತ್ತರ: ಕೇಬಲ್ ಒಣಗಿರಬೇಕು. ಒಳಗಿನ ತಂತಿ ಎಳೆದು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಎಳೆ ಬಿಚ್ಚಿಕೊಂಡಿದ್ದರೆ ಹೊಸ ಕೇಬಲ್ಲೇ ತನ್ನಿ. ಚೆನ್ನಾಗಿದ್ದರೆ ಕೈಯಲ್ಲಿ ತೆಳ್ಳಗೆ ಗ್ರೀಸ್ ಸವರಿ, ಮೀಟರ್ ಕಡೆಯ ಮೂರ್ನಾಲ್ಕು ಇಂಚು ಹಾಗೇ ಬಿಡಿ. ಅಲ್ಲಿಗೂ ಹಚ್ಚಿದರೆ ಗ್ರೀಸ್ ಮೇಲೆ ಹತ್ತಿ ಮೀಟರಿನೊಳಗೆ ಸೇರಿಕೊಳ್ಳುತ್ತದೆ. ವಾಪಸ್ ಹಾಕುವಾಗ ಕೇಬಲ್ ಎಲ್ಲೂ ಚೂಪಾಗಿ ಬಾಗದಂತೆ ನೋಡಿಕೊಳ್ಳಿ.